ಹಿತ್ತಲ ಬಾಗಿಲ ಚರಿತ್ರೆ

ನಮ್ಮ ಮನೆಯಲ್ಲಿ ರಾತ್ರಿ ಊಟ ಮುಗಿದ ಮೇಲೂ ಒಂದು ಸಣ್ಣ ಕೆಲಸ ಉಳಿದಿರುತ್ತಿತ್ತು. ತಪ್ಪಲೆಯ ತಳದಲ್ಲಿ ಅಂಟಿದ ಅನ್ನಕ್ಕೆ ಒಂದು ಸೌಟು ನೀರುಮಜ್ಜಿಗೆ ಬೆರೆಸಿ, ಹಿತ್ತಲ ಬಾಗಿಲು ತೆರೆದು, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಹಾಕಿ ಬರುವುದು. ಅದನ್ನು ಯಾರೂ ದಾನವೆಂದು ಕರೆಯಲಿಲ್ಲ, ಪುಣ್ಯವೆಂದೂ ಹೇಳಲಿಲ್ಲ. ಒಲೆ ಸಾರಿಸುವುದು, ಮುಸುರೆ ತಿಕ್ಕುವುದು ಇದ್ದಂತೆ ಇದೂ ಒಂದು. ಮನೆಗೆಲಸವಾದ್ದರಿಂದ ಅದು ತಾನಾಗಿಯೇ ಹೆಂಗಸರ ಪಾಲಿಗೆ ಬಂದಿತ್ತು. ಮುಂಬಾಗಿಲಲ್ಲಿ ಗಂಡಸರಿಂದ ‘ಹಚಾ’ ಅನ್ನಿಸಿಕೊಂಡು ಹೋದ ನಾಯಿ ಹಿತ್ತಲ ಬಾಗಿಲಿಗೆ ಬಂದು ಬಾಲ ಆಡಿಸುತ್ತಿತ್ತು.

ಹಾಗೆ ಬರುತ್ತಿದ್ದವುಗಳಲ್ಲಿ ಕೆಂಪಿ ಎಂಬ ಒಂದು ನಾಯಿ ಇತ್ತು. ಹೆಸರು ಇಟ್ಟವರು ನಮ್ಮ ಅಜ್ಜಿ. ಮಡಿಯಲ್ಲಿದ್ದಾಗ ಅದರ ನೆರಳೂ ಬೀಳದಂತೆ ದೂರ ಸರಿಯುತ್ತಿದ್ದ ಅಜ್ಜಿ, ಮಡಿ ಬಿಚ್ಚಿದ ಮೇಲೆ ಮೊದಲು ಕೇಳುತ್ತಿದ್ದ ಪ್ರಶ್ನೆ ‘ಕೆಂಪಿಗೆ ಹಾಕಿದಿರೇನೇ?’ ಎಂದು. ಕೆಂಪಿ ನಮ್ಮ ಮನೆಯ ಒಳಗೆ ಎಂದೂ ಕಾಲಿಟ್ಟದ್ದಿಲ್ಲ. ಕೊರಳಿಗೆ ಪಟ್ಟಿ ಇಲ್ಲ, ಪುರಸಭೆಯ ಬಿಲ್ಲೆ ಇಲ್ಲ. ಆದರೆ ರಾತ್ರಿ ಯಾರಾದರೂ ಹಿತ್ತಲ ಗೋಡೆಯ ಹತ್ತಿರ ಸುಳಿದರೆ ಬೀದಿಯೇ ಏಳುವಂತೆ ಬೊಗಳುತ್ತಿತ್ತು.

1974ರ ಬೇಸಿಗೆ. ನನಗಾಗ ಹನ್ನೊಂದು ವರ್ಷ. ನಾಯಿ ಹಿಡಿಯುವ ಗಾಡಿ ನಮ್ಮ ಬೀದಿಗೆ ಬಂತು. ಉದ್ದ ಇಕ್ಕಳ ಹಿಡಿದ ಇಬ್ಬರು, ಹಿಂದೆ ಒಬ್ಬ ಪುಸ್ತಕ ಹಿಡಿದವನು. ಕೆಂಪಿ ಓಡಿ ಬಂದು ನಮ್ಮ ಹಿತ್ತಲ ಕಲ್ಲಿನ ಸಂದಿಯಲ್ಲಿ ಸೇರಿಕೊಂಡಿತು. ಪುಸ್ತಕ ಹಿಡಿದವನು ಬಾಗಿಲಲ್ಲಿ ನಿಂತು ಕೇಳಿದ: ‘ಇದು ಯಾರ ನಾಯಿ? ನಿಮ್ಮದಾ?’ ನಮ್ಮದು ಎಂದರೆ ಲೈಸೆನ್ಸು ಮಾಡಿಸಬೇಕು, ದುಡ್ಡು ಕಟ್ಟಬೇಕು. ಅದಕ್ಕಿಂತ ಹೆಚ್ಚಾಗಿ ‘ಇವರ ಮನೆಯಲ್ಲಿ ನಾಯಿ ಸಾಕಿದ್ದಾರೆ’ ಎಂಬ ಮಾತು. ಅಪ್ಪ ಅಮ್ಮನ ಮುಖ ನೋಡಿದರು, ಅಮ್ಮ ಅಜ್ಜಿಯ ಮುಖ ನೋಡಿದಳು, ಅಜ್ಜಿ ನೆಲ ನೋಡಿದರು. ನಾನು ಬಾಯಿ ತೆರೆಯಬಹುದಿತ್ತು, ತೆರೆಯಲಿಲ್ಲ. ‘ನಮ್ಮದಲ್ಲ’ ಎಂದು ಯಾರೂ ಹೇಳಲಿಲ್ಲ; ‘ನಮ್ಮದು’ ಎಂದೂ ಹೇಳಲಿಲ್ಲ. ಅಷ್ಟು ಸಾಕಾಯಿತು.

ಆ ರಾತ್ರಿಯೂ ಅಜ್ಜಿ ಅನ್ನ ಕಲಸಿ ಹಿತ್ತಲಿಗೆ ಹೋದರು. ಹಾಗೆಯೇ ವಾಪಸು ತಂದರು. ಆ ವಿಷಯವನ್ನು ನಮ್ಮ ಮನೆಯಲ್ಲಿ ಮತ್ತೆಂದೂ ಯಾರೂ ಎತ್ತಲಿಲ್ಲ.

ಇದನ್ನು ಇಷ್ಟು ವರ್ಷಗಳ ಮೇಲೆ ಹೇಳಲು ಕಾರಣವಿದೆ. ನೌಕರಿಯಿಂದ ನಿವೃತ್ತಳಾದ ಮೇಲೆ ನಾನು ಪ್ರತಿ ಶನಿವಾರ ಬೆಳಿಗ್ಗೆ ನಮ್ಮೂರಿನ ಹೊರಗಿರುವ ನಾಯಿಗಳ ಆಶ್ರಯಕ್ಕೆ ಸ್ವಯಂಸೇವಕಿಯಾಗಿ ಹೋಗುತ್ತೇನೆ. ‘ಈ ವಯಸ್ಸಿನಲ್ಲಿ ಇದೆಂಥ ಹುಚ್ಚು? ದೇವಸ್ಥಾನಕ್ಕೆ ಹೋಗಬಾರದೇ?’ ಎಂದವರಿದ್ದಾರೆ. ಅವರಿಗೆ ಉತ್ತರ ಹೇಳಬೇಕಾದರೆ ಮೊದಲು ನನಗೇ ಗೊತ್ತಿರಬೇಕಲ್ಲ! ಈ ಹುಚ್ಚು ನನಗಿಂತ ಮುಂಚೆ ಯಾರು ಯಾರಿಗೆ ಹಿಡಿದಿತ್ತು ಎಂದು ಹುಡುಕತೊಡಗಿದೆ. ಓದಿದಷ್ಟೂ ಆಶ್ಚರ್ಯವಾಯಿತು. ಈ ಚರಿತ್ರೆಯ ಬಹುಪಾಲು ಶುರುವಾದದ್ದು ಹೆಂಗಸರ ಅಡುಗೆಮನೆಯಲ್ಲಿ, ಹಿತ್ತಲ ಬಾಗಿಲಲ್ಲಿ.

ಹಾಗೆಂದು ಮುಂಬಾಗಿಲ ಚರಿತ್ರೆಯಲ್ಲಿ ನಾಯಿಗೆ ಜಾಗವೇ ಇರಲಿಲ್ಲವೆಂದಲ್ಲ. ನಮ್ಮ ಕನ್ನಡ ನಾಡಿನಲ್ಲೇ ಒಂದು ದೊಡ್ಡ ಸಾಕ್ಷಿಯಿದೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿದ ವೀರಗಲ್ಲು ಸುಮಾರು ಕ್ರಿ.ಶ. 949-50ರದು. ತಕ್ಕೋಲದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳರ ರಾಜಾದಿತ್ಯನಿಗೂ ಯುದ್ಧ ನಡೆದಾಗ ಗಂಗರ ಬೂತುಗ ಕೃಷ್ಣನ ಪಕ್ಷದಲ್ಲಿದ್ದ. ಬೂತುಗನ ಬಳಿ ಮಣಲೇರನೆಂಬ ವೀರನಿದ್ದ. ಅವನ ಶೌರ್ಯಕ್ಕೆ ಮೆಚ್ಚಿ ‘ಏನು ಬೇಕು ಕೇಳು’ ಎಂದರೆ ಮಣಲೇರ ಕೇಳಿದ್ದು ‘ಕಾಳಿ’ ಎಂಬ ನಾಯಿಯನ್ನು! ಮುಂದೆ ಆ ಕಾಳಿ ದೊಡ್ಡದೊಂದು ಕಾಡುಹಂದಿಯ ಮೇಲೆ ಬಿದ್ದು ಹೋರಾಡಿತು; ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಮಣಲೇರ ಊರಿನ ದೇವಸ್ಥಾನದ ಮುಂದೆ ಕಾಳಿಗಾಗಿ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟ. ಆ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಯೂ ಹಂದಿಯೂ ಸೆಣಸುವ ಚಿತ್ರ ಅದರ ಮೇಲಿದೆ.

ಆ ಶಾಸನದಲ್ಲಿ ನನ್ನ ಮನಸ್ಸನ್ನು ಹಿಡಿದದ್ದು ಯುದ್ಧವಲ್ಲ, ಒಂದು ನಿಬಂಧನೆ. ಆ ಭೂಮಿಯನ್ನು ನೋಡಿಕೊಳ್ಳುವ ಗೊರವನು ಕಲ್ಲಿಗೆ ಪೂಜೆ ಮಾಡದೆ ಉಂಡರೆ ಅವನಿಗೆ ಪಾಪ ತಗಲುತ್ತದೆ ಎಂದಿದೆ. ಅಂದರೆ ಮಣಲೇರನಿಗೆ ಒಂದು ಸತ್ಯ ತಿಳಿದಿತ್ತು: ಪ್ರೀತಿ ಒಂದು ದಿನದ್ದಾದರೆ ಸಾಲದು, ದಿನವೂ ಒಬ್ಬರು ಆ ಕೆಲಸ ಮಾಡಬೇಕು, ಅದಕ್ಕೊಂದು ವ್ಯವಸ್ಥೆ ಇರಬೇಕು. ಆದರೆ ಕಾಳಿ ಅರಸನ ನಾಯಿ. ಬಿಲ್ಲೆ ಇಲ್ಲದ, ಯಾರಿಗೂ ಸೇರದ ಕೆಂಪಿಯಂಥ ನಾಯಿಗೆ ವ್ಯವಸ್ಥೆ ಮಾಡಬೇಕೆಂದು ಯಾರಿಗಾದರೂ ತೋಚಲು ಮತ್ತೆ ಒಂಬತ್ತು ನೂರು ವರ್ಷ ಹಿಡಿಯಿತು. ಅದು ತೋಚಿದ್ದು ದೂರದ ಲಂಡನ್ನಿನಲ್ಲಿ, ಒಬ್ಬ ಸಾಮಾನ್ಯ ಹೆಂಗಸಿಗೆ.

ಆಕೆಯ ಹೆಸರು ಮೇರಿ ಟೀಲ್ಬಿ. ಹುಟ್ಟಿದ್ದು 1801ರ ಕೊನೆಯಲ್ಲಿ. ಹಲ್ ಎಂಬ ಊರಿನ ಮರದ ವ್ಯಾಪಾರಿಯೊಬ್ಬನನ್ನು ಮದುವೆಯಾದಳು, ಸಂಸಾರ ಸರಿಹೋಗಲಿಲ್ಲ. ಗಂಡನಿಂದ ದೂರವಾಗಿ, ಪಾದ್ರಿಯಾಗಿದ್ದ ತಮ್ಮನ ಆಸರೆಯಲ್ಲಿ ಲಂಡನ್ನಿನ ಉತ್ತರ ಭಾಗದ ಹಾಲೋವೇ ಎಂಬಲ್ಲಿ ಇದ್ದಳು. ಮಕ್ಕಳಿಲ್ಲ, ಸ್ವಂತ ಮನೆಯಿಲ್ಲ, ದುಡ್ಡಿಲ್ಲ. ಗಂಡನನ್ನು ಬಿಟ್ಟುಬಂದ ಹೆಂಗಸಿಗೆ ಆ ಕಾಲದ ಇಂಗ್ಲೆಂಡಿನಲ್ಲಿ ಎಂಥ ಮರ್ಯಾದೆ ಸಿಗುತ್ತಿತ್ತೆಂದು ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

1860ರಲ್ಲಿ ಒಂದು ದಿನ ಆಕೆ ಸ್ನೇಹಿತೆಯ ಮನೆಗೆ ಹೋದಳು. ಆ ಸ್ನೇಹಿತೆ ಶ್ರೀಮತಿ ಮೇಜರ್, ಬೀದಿಯಲ್ಲಿ ಬಿದ್ದಿದ್ದ ಹಸಿದ ನಾಯಿಯೊಂದನ್ನು ಎತ್ತಿಕೊಂಡು ಬಂದು ಅಡುಗೆಮನೆಯಲ್ಲಿ ಮಲಗಿಸಿದ್ದಳು. ಇಬ್ಬರೂ ಸೇರಿ ಆರೈಕೆ ಮಾಡಿದರು. ಆದರೂ ಅದು ಬದುಕಲಿಲ್ಲ. ನಾವಾದರೆ ‘ಅಯ್ಯೋ ಪಾಪ’ ಎಂದು ಕಣ್ಣೊರೆಸಿಕೊಂಡು ಮುಂದಿನ ಕೆಲಸ ನೋಡುತ್ತಿದ್ದೆವು. ಟೀಲ್ಬಿ ಹಾಗೆ ಮಾಡಲಿಲ್ಲ. ಇನ್ನಷ್ಟು ನಾಯಿಗಳನ್ನು ತಂದು ಪಾತ್ರೆ ತೊಳೆಯುವ ಕೋಣೆಯಲ್ಲಿ ಇಟ್ಟುಕೊಂಡಳು. ಕೋಣೆ ಸಾಲದಾಯಿತು. ಅದೇ ವರ್ಷ ಅಕ್ಟೋಬರ್ 2ರಂದು ಹಾಲೋವೇಯ ಒಂದು ಕುದುರೆ ಲಾಯದ ಅಂಗಳದಲ್ಲಿ ‘ದಾರಿ ತಪ್ಪಿದ ಹಾಗೂ ಹಸಿದ ನಾಯಿಗಳ ತಾತ್ಕಾಲಿಕ ಮನೆ’ ಎಂಬ ಹೆಸರಿನ ಆಶ್ರಯ ತೆರೆಯಿತು. ನವೆಂಬರ್ ತಿಂಗಳಲ್ಲಿ ಸಮಿತಿ ಸೇರಿ ನಡಾವಳಿ ಬರೆಯುವಷ್ಟರಮಟ್ಟಿಗೆ ಕೆಲಸ ಬೆಳೆಯಿತು.

ಊರು ನಕ್ಕಿತು. ಮನುಷ್ಯರ ಮಕ್ಕಳೇ ಬೀದಿಯಲ್ಲಿ ಹಸಿದು ಸಾಯುವ ಲಂಡನ್ನಿನಲ್ಲಿ ನಾಯಿಗೊಂದು ಮನೆಯೇ! ‘ದಿ ಟೈಮ್ಸ್’ ಪತ್ರಿಕೆಯೇ ಅದೇ ಅಕ್ಟೋಬರ್‌ನಲ್ಲಿ ಈ ಹೆಂಗಸರ ದಯೆ ಅತಿಯಾಗಿ ಬುದ್ಧಿಯನ್ನೇ ಮೀರಿದೆಯೆಂಬ ಅರ್ಥದಲ್ಲಿ ಗೇಲಿ ಮಾಡಿ ಬರೆಯಿತು. ಈ ಪ್ರಶ್ನೆ ನನಗೂ ಎದುರಾಗುತ್ತದೆ: ‘ಮನುಷ್ಯರಿಗೇ ಇಲ್ಲ, ನಾಯಿಗೆ ಯಾಕೆ?’ ಎಂದು. ಅದು ಸುಳ್ಳು ಪ್ರಶ್ನೆಯೆಂದು ನಾನು ಹೇಳುವುದಿಲ್ಲ. ಆದರೆ ಹಾಗೆ ಕೇಳುವವರಲ್ಲಿ ಹೆಚ್ಚಿನವರು ಮನುಷ್ಯರಿಗೂ ಏನೂ ಮಾಡುತ್ತಿರುವುದಿಲ್ಲ ಎಂಬುದು ನನ್ನ ಅನುಭವ. ಮಾಡುವವರಿಗೆ ಕೇಳಲು ಪುರಸೊತ್ತು ಇರುವುದಿಲ್ಲ.

ಎರಡು ವರ್ಷದಲ್ಲಿ ಗಾಳಿ ಸ್ವಲ್ಪ ತಿರುಗಿತು. ಚಾರ್ಲ್ಸ್ ಡಿಕನ್ಸ್ ನಡೆಸುತ್ತಿದ್ದ ‘ಆಲ್ ದ ಇಯರ್ ರೌಂಡ್’ ಪತ್ರಿಕೆಯಲ್ಲಿ 1862ರ ಆಗಸ್ಟ್‌ನಲ್ಲಿ, ಬರೆದವರ ಹೆಸರಿಲ್ಲದೆ, ಒಂದು ಲೇಖನ ಬಂತು. ಒಂದು ಕಡೆ ಇಸ್ಲಿಂಗ್ಟನ್‌ನಲ್ಲಿ ನಡೆದ ಜಾತಿನಾಯಿಗಳ ಭಾರಿ ಪ್ರದರ್ಶನ, ಇನ್ನೊಂದು ಕಡೆ ಅಲ್ಲಿಂದ ಸ್ವಲ್ಪವೇ ದೂರದ ಟೀಲ್ಬಿಯ ಅಂಗಳ. ಎರಡನ್ನೂ ಪಕ್ಕದಲ್ಲಿಟ್ಟು ತೋರಿಸಿದ ಆ ಬರಹ ಓದಿದವರ ಮನಸ್ಸು ಮೆತ್ತಗಾಯಿತು. ಅಷ್ಟರಲ್ಲಿ ಟೀಲ್ಬಿಯ ಮೈಯಲ್ಲಿ ಕ್ಯಾನ್ಸರ್ ಬೆಳೆದಿತ್ತು. 1865ರ ಅಕ್ಟೋಬರ್ 3ರಂದು, ಮನೆ ತೆರೆದ ಐದು ವರ್ಷ ಒಂದು ದಿನಕ್ಕೆ ಸರಿಯಾಗಿ ಆಕೆ ತೀರಿಕೊಂಡಳು. 1871ರಲ್ಲಿ ಆಶ್ರಯ ಬ್ಯಾಟರ್‌ಸಿಗೆ ವರ್ಗವಾಯಿತು. 1885ರಲ್ಲಿ ವಿಕ್ಟೋರಿಯಾ ರಾಣಿ ಅದರ ಪೋಷಕಿಯಾದಳು. ಅಂದು ನಕ್ಕವರೆಲ್ಲ ಇಂದು ಯಾರಿಗೂ ನೆನಪಿಲ್ಲ. ಬ್ಯಾಟರ್‌ಸಿಯ ಆ ಮನೆ ಇಂದಿಗೂ ಬಾಗಿಲು ತೆರೆದುಕೊಂಡಿದೆ.

ಇಷ್ಟಕ್ಕೇ ನಿಲ್ಲಿಸಿದರೆ ಕಥೆ ಸುಖಾಂತ. ಆದರೆ ಚರಿತ್ರೆ ಅಷ್ಟು ಸರಳವಲ್ಲ. 1867ರಲ್ಲಿ ಬಂದ ಕಾಯಿದೆಯಂತೆ ಲಂಡನ್ನಿನ ಪೊಲೀಸರು ಬೀಡಾಡಿ ನಾಯಿಗಳನ್ನು ಹಿಡಿಯತೊಡಗಿದರು. ಅವು ಈ ಮನೆಗೇ ಬರತೊಡಗಿದವು. ಮೂರು ದಿನ ಕಾದು, ಯಾರೂ ಕೇಳಿಕೊಂಡು ಬಾರದಿದ್ದರೆ ಮಾರಬೇಕು, ಇಲ್ಲವೇ ಕೊಲ್ಲಬೇಕು. 1884ರಲ್ಲಿ ಅಲ್ಲಿಯೇ ನೋವಿಲ್ಲದೆ ಕೊಲ್ಲುವ ಕೋಣೆಯೊಂದನ್ನು ಕಟ್ಟಲಾಯಿತು. ಹಸಿದ ಒಂದು ನಾಯಿಯನ್ನು ಉಳಿಸಲಾರದೆ ಹುಟ್ಟಿದ ಮನೆ ಕೊಲ್ಲುವ ಮನೆಯೂ ಆಯಿತು. ಅವರು ಕ್ರೂರಿಗಳಾದ್ದರಿಂದಲ್ಲ, ಬರುವ ನಾಯಿಗಳಿಗೆ ಕೊನೆಯಿರಲಿಲ್ಲವಾದ್ದರಿಂದ. ಎತ್ತಿಕೊಳ್ಳುವ ಕೈ ಎರಡು, ಹುಟ್ಟುವ ಮರಿ ನೂರು. ಈ ಲೆಕ್ಕವನ್ನು ಬಿಡಿಸಲು ಬರೀ ಕರುಣೆಗೆ ಸಾಧ್ಯವಾಗಲಿಲ್ಲ.

ಅಮೆರಿಕದ ಫಿಲಡೆಲ್ಫಿಯಾದಲ್ಲಿ ಕ್ಯಾರೊಲಿನ್ ಅರ್ಲ್ ವೈಟ್ ಎಂಬಾಕೆಯದು ಇನ್ನೊಂದು ಬಗೆಯ ಕಥೆ. 1867ರಲ್ಲಿ ಅಲ್ಲಿ ಪ್ರಾಣಿದಯಾ ಸಂಘ ಹುಟ್ಟಲು ಓಡಾಡಿದವರಲ್ಲಿ ಆಕೆಯೂ ಒಬ್ಬಳು. ಸಂಘ ಹುಟ್ಟಿತು, ಆಡಳಿತ ಮಂಡಲಿಯಲ್ಲಿ ಕೂರಲು ಮಾತ್ರ ಆಕೆಗೆ ಜಾಗವಿಲ್ಲ, ಏಕೆಂದರೆ ಹೆಂಗಸು! ‘ಬೇಕಾದರೆ ಮಹಿಳಾ ಶಾಖೆ ಮಾಡಿಕೊಳ್ಳಿ’ ಎಂದರು. 1869ರಲ್ಲಿ ಮಾಡಿಕೊಂಡರು. ಮರುವರ್ಷವೇ ಆ ಮಹಿಳಾ ಶಾಖೆ ನಗರದ ಬೀಡಾಡಿ ನಾಯಿಗಳಿಗಾಗಿ ಆಶ್ರಯ ತೆರೆಯಿತು. ಅಮೆರಿಕದಲ್ಲಿ ಇಂಥ ಆಶ್ರಯಗಳ ಚರಿತ್ರೆ ಅಲ್ಲಿಂದಲೇ ಆರಂಭ. ನಾಯಿ ಹಿಡಿಯುವ ಕೆಲಸವನ್ನು ಒರಟರ ಕೈಯಿಂದ ತಪ್ಪಿಸಿ ತಮ್ಮ ಮೇಲೆ ಹಾಕಿಕೊಂಡ ಆ ಹೆಂಗಸರು, ಮುಂಬಾಗಿಲು ಮುಚ್ಚಿದ್ದರೆ ಹಿತ್ತಲ ಬಾಗಿಲಿದೆಯಲ್ಲ ಎಂದುಕೊಂಡವರಂತೆ ಕಾಣುತ್ತಾರೆ.

ಈಗ ನಮ್ಮ ಕಡೆಗೆ ಬರೋಣ. ಚೆನ್ನೈನ ಬ್ಲೂ ಕ್ರಾಸ್ ಸಂಸ್ಥೆಯ ಹೆಸರು ನೀವು ಕೇಳಿರಬಹುದು. ಅದನ್ನು ಕಟ್ಟಿದ ದಂಪತಿಗಳು ಕ್ಯಾಪ್ಟನ್ ವಿ. ಸುಂದರಂ ಮತ್ತು ಉಷಾ ಸುಂದರಂ. ಇಬ್ಬರೂ ವಿಮಾನ ಹಾರಿಸಿದವರು, ಇಬ್ಬರಿಗೂ ಮೈಸೂರು ಸೀಮೆಯ ನಂಟು. ಉಷಾ ವಿಮಾನ ಕಲಿತದ್ದು ಬೆಂಗಳೂರಿನ ಜಕ್ಕೂರಿನಲ್ಲಿ, 1949ರಲ್ಲಿ. ಮೈಸೂರು ಮಹಾರಾಜರ ಡಕೋಟ ವಿಮಾನವನ್ನು ಗಂಡನ ಜೊತೆ ಹಾರಿಸಿದ ಹೆಣ್ಣುಮಗಳು ಆಕೆ. ಮದರಾಸಿನಲ್ಲಿ ಒಂದು ಭಾರಿ ಮಳೆಯ ದಿನ ರಸ್ತೆಯ ನೀರಿನಲ್ಲಿ ಒದ್ದಾಡುತ್ತಿದ್ದ ಎರಡು ನಾಯಿಮರಿಗಳನ್ನು ಸುಂದರಂ ಮನೆಗೆ ತಂದರಂತೆ. ತರುವುದು ಗಂಡಸರಿಗೆ ಸುಲಭ. ಆಮೇಲಿನ ಹಾಲು, ಚಿಂದಿ, ಭೇದಿ ಎಲ್ಲ ನೋಡಿಕೊಳ್ಳುವವರು ಯಾರೆಂದು ನಮಗೆ ಗೊತ್ತಿದೆ! 1959ರಲ್ಲಿ ತ್ಯಾಗರಾಯನಗರದ ಆ ಮನೆಯಲ್ಲೇ ಬ್ಲೂ ಕ್ರಾಸ್ ಹುಟ್ಟಿತು.

ಆ ಮನೆಯ ಮಗ ಚಿನ್ನಿ ಕೃಷ್ಣ. ಮದರಾಸಿನ ಕಾರ್ಪೊರೇಷನ್ 1860ರಿಂದ ನಾಯಿ ಹಿಡಿದು ಕೊಲ್ಲುತ್ತ ಬಂದಿತ್ತೆಂದು ಅವರು ಬರೆದಿದ್ದಾರೆ. ಟೀಲ್ಬಿ ಲಂಡನ್ನಿನಲ್ಲಿ ಬಾಗಿಲು ತೆರೆದ ಅದೇ ವರ್ಷ! ನೂರು ವರ್ಷ ಕೊಂದರೂ ನಾಯಿ ಕಡಿಮೆಯಾಗಲಿಲ್ಲವೇಕೆ ಎಂದು ಅವರು ಯೋಚಿಸಿದರು. ಕಾರಣ ಸರಳವಾಗಿತ್ತು. ಬೀದಿಯಲ್ಲಿ ತಿನ್ನಲು ಕಸವಿದ್ದರೆ ನಾಯಿ ಇದ್ದೇ ಇರುತ್ತದೆ. ಇದ್ದ ನಾಯಿಯನ್ನು ತೆಗೆದರೆ ಆ ಜಾಗಕ್ಕೆ ಪಕ್ಕದ ಬೀದಿಯದು ಬರುತ್ತದೆ, ಉಳಿದವು ಮರಿ ಹಾಕಿ ತುಂಬಿಸುತ್ತವೆ. ಹಾಗಾದರೆ ಕೊಲ್ಲುವ ಬದಲು ಸಂತಾನಹರಣ ಶಸ್ತ್ರಕ್ರಿಯೆ ಮಾಡಿ, ರೇಬೀಸ್ ಲಸಿಕೆ ಹಾಕಿ, ಅದೇ ಬೀದಿಗೆ ಬಿಟ್ಟರೆ? 1960ರ ದಶಕದಲ್ಲೇ ಬ್ಲೂ ಕ್ರಾಸ್ ಈ ಮಾತು ಹೇಳಿತು. ಕಾರ್ಪೊರೇಷನ್ ಒಪ್ಪಿಕೊಂಡದ್ದು 1990ರ ದಶಕದ ನಡುವಿನಲ್ಲಿ. ಮೂವತ್ತು ವರ್ಷ ಒಂದೇ ಮಾತನ್ನು ಹೇಳುತ್ತಲೇ ಇರಬೇಕಾಯಿತು.

ಕಾನೂನಿನ ಬಾಗಿಲು ತಟ್ಟಿದವಳೂ ಒಬ್ಬ ಹೆಣ್ಣುಮಗಳೇ. ಭರತನಾಟ್ಯದ ರುಕ್ಮಿಣೀದೇವಿ ಅರುಂಡೇಲ್ 1952ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು. ಅಲ್ಲಿ ಅವರು ಪ್ರಾಣಿಹಿಂಸೆಯನ್ನು ತಡೆಯುವ ಖಾಸಗಿ ಮಸೂದೆ ತಂದರು. ಸರ್ಕಾರವೇ ಕಾನೂನು ತರುವುದೆಂದು ನೆಹರು ಭರವಸೆ ಕೊಟ್ಟ ಮೇಲೆ ಅದನ್ನು ಹಿಂತೆಗೆದುಕೊಂಡರು. 1960ರಲ್ಲಿ ಪ್ರಾಣಿಹಿಂಸೆ ತಡೆ ಕಾಯಿದೆ ಬಂತು. 1962ರಲ್ಲಿ ಪ್ರಾಣಿ ಕಲ್ಯಾಣ ಮಂಡಲಿ ಸ್ಥಾಪನೆಯಾದಾಗ ಅದರ ಮೊದಲ ಅಧ್ಯಕ್ಷೆ ಅವರೇ.

ನನಗೆ ಎಲ್ಲರಿಗಿಂತ ಹತ್ತಿರದವರೆನಿಸುವುದು ಕ್ರಿಸ್ಟಲ್ ರೋಜರ್ಸ್. 1906ರಲ್ಲಿ ಹುಟ್ಟಿದ ಇಂಗ್ಲಿಷ್ ಹೆಂಗಸು. ಐವತ್ತು ದಾಟಿದ ಮೇಲೆ, ನ್ಯೂಜಿಲೆಂಡಿಗೆ ಹೋಗುವ ದಾರಿಯಲ್ಲಿ ಭಾರತಕ್ಕೆ ಬಂದವರು. ದೆಹಲಿಯ ರಸ್ತೆಯ ಬದಿಯಲ್ಲಿ ಸಾಯುತ್ತ ಬಿದ್ದ ಕುದುರೆಯೊಂದರ ಕಣ್ಣನ್ನು ಕಾಗೆಗಳು ಕುಕ್ಕಿದ್ದನ್ನು ಕಂಡರು. ನ್ಯೂಜಿಲೆಂಡ್ ಅಲ್ಲಿಗೇ ಬಿಟ್ಟುಹೋಯಿತು. 1959ರಲ್ಲಿ ದೆಹಲಿಯಲ್ಲಿ ಪ್ರಾಣಿಗಳ ಆಶ್ರಯ ತೆರೆದರು. 1980ರಲ್ಲಿ ಜೈಪುರದಲ್ಲಿ ‘ಹೆಲ್ಪ್ ಇನ್ ಸಫರಿಂಗ್’ ಕಟ್ಟಿದರು. ಎಂಬತ್ತೈದರ ಆಸುಪಾಸಿನಲ್ಲಿ, ಎಲ್ಲರೂ ಮಂಚ ಹಿಡಿಯುವ ವಯಸ್ಸಿನಲ್ಲಿ, ಬೆಂಗಳೂರಿಗೆ ಬಂದು 1991ರಲ್ಲಿ ‘ಕ್ಯೂಪಾ’ ಸಂಸ್ಥೆಗೆ ಬೀಜ ಹಾಕಿದರು. 1996ರಲ್ಲಿ ತೀರಿಕೊಂಡರು. ಅವರು ಬಿಟ್ಟುಹೋದ ಜೈಪುರದ ಸಂಸ್ಥೆ, ಬೆಂಗಳೂರಿನ ಸಂಸ್ಥೆ ಎರಡೂ ನಡೆದವು. ಹೋದಲ್ಲೆಲ್ಲ ತಾನಿಲ್ಲದೆಯೂ ಕೆಲಸ ನಡೆಸುವ ಕೈಗಳನ್ನು ಸೇರಿಸಿಟ್ಟು ಹೋದದ್ದೇ ಅವರ ನಿಜವಾದ ಆಸ್ತಿ ಎಂದು ನನಗನ್ನಿಸುತ್ತದೆ. ‘ಈ ವಯಸ್ಸಿನಲ್ಲಿ ಇದೆಂಥ ಹುಚ್ಚು’ ಎನ್ನುವವರಿಗೆ ನಾನು ಈಗ ಇವರ ಹೆಸರು ಹೇಳಿಬಿಡುತ್ತೇನೆ.

ಇನ್ನು ನನ್ನದೇ ಒಂದು ತಪ್ಪಿನ ಕಥೆ. ಆಶ್ರಯಕ್ಕೆ ಹೋಗುವ ಮೊದಲು ನಾನೂ ಬರೀ ಅನ್ನ ಹಾಕುವವಳಾಗಿದ್ದೆ. ಬೀದಿಯಲ್ಲಿ ಮೂರು ನಾಯಿ ಇದ್ದದ್ದು ಎರಡು ವರ್ಷದಲ್ಲಿ ಹನ್ನೊಂದಾದವು. ಒಂದು ಸಂಜೆ, ಟ್ಯೂಷನ್ ಮುಗಿಸಿ ಬರುತ್ತಿದ್ದ ಎದುರು ಮನೆಯ ಹುಡುಗನ ಮೀನಖಂಡಕ್ಕೆ ಮರಿ ಹಾಕಿದ್ದ ನಾಯಿಯೊಂದು ಬಾಯಿ ಹಾಕಿತು. ಅವನ ತಾಯಿ ನಮ್ಮ ಗೇಟಿಗೆ ಬಂದರು. ಕೂಗಾಡಲಿಲ್ಲ. ‘ಅನ್ನ ಹಾಕಿ ಪುಣ್ಯ ನೀವು ಕಟ್ಟಿಕೊಳ್ಳಿ, ಇಂಜೆಕ್ಷನ್ ನನ್ನ ಮಗ ಚುಚ್ಚಿಸಿಕೊಳ್ಳಲಿ, ಅಲ್ಲವೇ?’ ಎಂದರು. ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿದವರು ಇಲ್ಲವೆನ್ನುವಷ್ಟು ಅಪರೂಪ. ಆ ತಾಯಿಯ ಹೆದರಿಕೆ ನಾಟಕವಲ್ಲ. ಪುಣ್ಯಕ್ಕೆ ಗಾಯವನ್ನು ಕೂಡಲೇ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದಿದ್ದರು, ಆಸ್ಪತ್ರೆಗೆ ಹೋಗಿ ಚುಚ್ಚುಮದ್ದನ್ನೂ ತಪ್ಪದೆ ಪೂರ್ತಿ ಹಾಕಿಸಿದರು. ಹುಡುಗ ಚೆನ್ನಾಗಿದ್ದಾನೆ. ನನ್ನ ನಿದ್ದೆ ಮಾತ್ರ ಕೆಟ್ಟಿತು. ಬ್ಯಾಟರ್‌ಸಿಯಲ್ಲಿ ಆದದ್ದೇ ನಮ್ಮ ಬೀದಿಯಲ್ಲೂ ಆಗಿತ್ತು. ಕರುಣೆ ಇತ್ತು, ಲೆಕ್ಕವಿರಲಿಲ್ಲ.

ಲೆಕ್ಕ ಎಂದರೆ ಏನೆಂದು ತೋರಿಸಿಕೊಟ್ಟದ್ದು ಕ್ರಿಸ್ಟಲ್ ರೋಜರ್ಸ್ ಕಟ್ಟಿದ ಅದೇ ಜೈಪುರದ ಸಂಸ್ಥೆ. 1994ರ ನವೆಂಬರ್‌ನಿಂದ 2002ರ ಕೊನೆಯವರೆಗೆ ಅಲ್ಲಿ ಸುಮಾರು 25,000 ನಾಯಿಗಳಿಗೆ ಶಸ್ತ್ರಕ್ರಿಯೆ ಮಾಡಿ ಲಸಿಕೆ ಹಾಕಿದರು. ಹೆಣ್ಣು ನಾಯಿಗಳಲ್ಲಿ ನೂರಕ್ಕೆ 65ರಷ್ಟಕ್ಕೆ ಶಸ್ತ್ರಕ್ರಿಯೆ ಆದಾಗ ನಾಯಿಗಳ ಸಂಖ್ಯೆ ನೂರಕ್ಕೆ 28ರಷ್ಟು ಇಳಿದಿತ್ತು. ಆ ಪ್ರದೇಶದಲ್ಲಿ ಮನುಷ್ಯರಿಗೆ ಬರುವ ರೇಬೀಸ್ ಸೊನ್ನೆಗೆ ಇಳಿದಿತ್ತು. 2006ರಲ್ಲಿ ಇದು ಪಶುವೈದ್ಯ ಪತ್ರಿಕೆಯಲ್ಲಿ ಪ್ರಕಟವಾಯಿತು. ನಾಯಿಗೂ ಒಳ್ಳೆಯದು, ಎದುರು ಮನೆಯ ಹುಡುಗನಿಗೂ ಒಳ್ಳೆಯದು ಆಗುವ ದಾರಿ ಒಂದೇ ಇತ್ತು ಎಂದಾಯಿತು.

ಈ ದಾರಿಯೇ 2001ರಲ್ಲಿ ದೇಶದ ನಿಯಮವಾಯಿತು. 2023ರಲ್ಲಿ ಹೊಸ ನಿಯಮಗಳು ಬಂದವು. ಜಗಳ ಮಾತ್ರ ಮುಗಿದಿಲ್ಲ. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ದೆಹಲಿಯ ಸುತ್ತಿನ ಬೀದಿನಾಯಿಗಳನ್ನೆಲ್ಲ ಆಶ್ರಯಗಳಿಗೆ ಸೇರಿಸಬೇಕೆಂದಿತು. ಆಗಸ್ಟ್ 22ರಂದು ಅದನ್ನು ಬದಲಿಸಿ, ಶಸ್ತ್ರಕ್ರಿಯೆ ಮತ್ತು ಲಸಿಕೆ ಆದ ನಾಯಿಗಳನ್ನು, ರೇಬೀಸ್ ತಗಲಿದವು ಹಾಗೂ ಆಕ್ರಮಣಕಾರಿಯಾದವುಗಳನ್ನು ಬಿಟ್ಟು, ಹಿಡಿದ ಜಾಗಕ್ಕೇ ಬಿಡಬೇಕೆಂದಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಂಥ ಜಾಗದಿಂದ ಹಿಡಿದವುಗಳನ್ನು ಅಲ್ಲಿಗೆ ಮರಳಿ ಬಿಡಬಾರದೆಂದಿತು. ನಾಯಿಗಳನ್ನು ಆಶ್ರಯದಲ್ಲಿಡಿ ಎಂದು ಬರೆಯುವುದು ಸುಲಭ. ಆ ಆಶ್ರಯದಲ್ಲಿ ದಿನವೂ ಸಗಣಿ ಬಾಚುವವರು ಯಾರು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಆ ಪ್ರಶ್ನೆಗೆ ಉತ್ತರವಾಗಿಯೇ ಸ್ವಯಂಸೇವಕರು ಬೇಕಾಗುವುದು. ಎದುರು ಮನೆಯಾಕೆ ಬಂದುಹೋದ ಮುಂದಿನ ವಾರ ನಾನು ಆಶ್ರಯಕ್ಕೆ ಹೋದೆ. ‘ನನಗೆ ನಾಯಿ ಹಿಡಿಯಲು ಬರುವುದಿಲ್ಲ, ಔಷಧ ಗೊತ್ತಿಲ್ಲ’ ಎಂದೆ. ಅಲ್ಲಿನ ಹುಡುಗಿ ನಕ್ಕು ‘ಅಕ್ಷರ ದುಂಡಗಿದೆಯಾ?’ ಎಂದಳು. ಅಂದಿನಿಂದ ನಾನು ರಿಜಿಸ್ಟರು ಬರೆಯುವವಳು. ಯಾವ ನಾಯಿ, ಯಾವ ಬೀದಿಯದು, ಎಂದು ಬಂತು, ಶಸ್ತ್ರಕ್ರಿಯೆ ಎಂದು, ಲಸಿಕೆ ಎಂದು, ಎಲ್ಲಿ ಬಿಟ್ಟರು. ಒಂದು ಬೀದಿಯ ನಾಯಿಯನ್ನು ತಪ್ಪಿ ಇನ್ನೊಂದು ಬೀದಿಗೆ ಬಿಟ್ಟರೆ ಅಲ್ಲಿನ ನಾಯಿಗಳು ಅದನ್ನು ಹರಿದುಹಾಕುತ್ತವೆ. ಹಾಗಾಗಿ ನನ್ನ ದುಂಡಕ್ಷರದ ಮೇಲೆ ಒಂದು ಜೀವ ನಿಂತಿರುತ್ತದೆ.

ಅಲ್ಲಿ ನನಗೆ ಕಂಡ ಇನ್ನೊಂದು ಸಂಗತಿ ಹೇಳಬೇಕು. ಆಶ್ರಯಕ್ಕೆ ಬೇಕಾದ ಕೆಲಸಗಳೆಲ್ಲ ನಾವು ನಲವತ್ತು ವರ್ಷ ಮನೆಯಲ್ಲಿ ಮಾಡಿದವೇ. ಮಾಸಿದ ಹತ್ತಿ ಸೀರೆ, ಹಳೆಯ ಜಮಖಾನೆಗಳನ್ನು ಮಡಚಿ ಹಾಸಿಗೆ ಹೊಲಿಯುವುದು. ದೊಡ್ಡ ಹಂಡೆಯಲ್ಲಿ ಅನ್ನ ಬೇಯಿಸುವುದು. ಶಸ್ತ್ರಕ್ರಿಯೆಯಾದ ನಾಯಿ ಎಚ್ಚರವಾಗುವವರೆಗೆ ಪಕ್ಕದಲ್ಲಿ ಕೂತು ಅದು ನಡುಗಿದರೆ ಹೊದಿಸುವುದು. ತಾಯಿಯಿಲ್ಲದ ಮರಿಗೆ ಎರಡೆರಡು ಗಂಟೆಗೆ ಹಾಲು. ಔಷಧದ ಅಂಗಡಿಯ ಬಿಲ್ಲು ಕೂಡಿಸುವುದು. ಮರಿ ಸಾಕಲು ಕೇಳಿ ಬಂದವರನ್ನು ಮಾತಾಡಿಸಿ, ಇವರು ನಿಜಕ್ಕೂ ನೋಡಿಕೊಳ್ಳುವವರೇ ಎಂದು ಅಳೆಯುವುದು. ಇದರಲ್ಲಿ ನಮ್ಮನ್ನು ಮೀರಿಸುವವರುಂಟೇ? ಸೊಸೆ ಹುಡುಕಿದ ಅನುಭವ ಸುಮ್ಮನೆ ಹೋಗುವುದಿಲ್ಲ! ನಾಯಿಗೆ ಹೆದರುವ ಹೆಂಗಸೊಬ್ಬರು ಪಂಜರಗಳ ಹತ್ತಿರ ಸುಳಿಯದೆ ಕಚೇರಿಯ ಫೋನಿನ ಮುಂದೆ ಕೂತು ಎಷ್ಟೋ ನಾಯಿಗಳಿಗೆ ಮನೆ ಹುಡುಕಿಕೊಟ್ಟಿದ್ದಾರೆ.

ಹೋಗಬೇಕೆನ್ನಿಸಿದರೆ ಎರಡು ಮಾತು ನೆನಪಿಡಿ. ನಾಯಿಗಳ ಹತ್ತಿರ ಕೆಲಸ ಮಾಡುವವರು ವೈದ್ಯರನ್ನು ಕೇಳಿ ಮುಂಚಿತವಾಗಿಯೇ ರೇಬೀಸ್ ಲಸಿಕೆ ಹಾಕಿಸಿಕೊಳ್ಳಬೇಕು. ಮತ್ತೆ, ವಾರಕ್ಕೆ ಎರಡೇ ಗಂಟೆಯಾದರೂ ಸರಿ, ಒಪ್ಪಿಕೊಂಡ ದಿನ ತಪ್ಪಿಸಬಾರದು. ಮೊದಲ ದಿನ ಕಣ್ಣೀರು ಹಾಕಿ ಹತ್ತು ನಾಯಿ ಮುದ್ದಿಸಿ ಮರುವಾರ ಬಾರದವರಿಗಿಂತ, ಮುಖ ಸಿಂಡರಿಸಿಕೊಂಡೇ ಪ್ರತಿ ಶನಿವಾರ ಪಂಜರ ತೊಳೆಯುವವರು ಆಶ್ರಯಕ್ಕೆ ಬೇಕು. ಆತಕೂರಿನ ಕಲ್ಲಿನ ನಿಬಂಧನೆಯೂ ಅದೇ ಅಲ್ಲವೇ?

ನಮ್ಮ ಬೀದಿಯ ಹನ್ನೊಂದು ನಾಯಿಗಳಿಗೂ ಶಸ್ತ್ರಕ್ರಿಯೆಯಾಗಿ ಕಿವಿಯ ತುದಿಯ ಗುರುತು ಬಿದ್ದಿದೆ. ಅವುಗಳನ್ನು ಹಿಡಿಸಲು ಮೊದಲು ಜೊತೆಗೆ ನಿಂತವರು ಎದುರು ಮನೆಯ ಆ ತಾಯಿ. ಈಗಲೂ ಅವರಿಗೆ ನಾಯಿಯೆಂದರೆ ಇಷ್ಟವಿಲ್ಲ. ಲಸಿಕೆಯ ದಿನ ಮಾತ್ರ ನನಗಿಂತ ಚೆನ್ನಾಗಿ ನೆನಪಿಟ್ಟುಕೊಳ್ಳುತ್ತಾರೆ.

ಮೊದಲ ನಾಯಿಯನ್ನು ಗಾಡಿಗೆ ಏರಿಸಿದ ದಿನ ಆಶ್ರಯದ ಹುಡುಗ ಪುಸ್ತಕ ತೆರೆದು ಕೇಳಿದ: ‘ಇದು ಯಾರ ನಾಯಿ, ಮೇಡಂ?’ ಮಾಮೂಲಿ ಪ್ರಶ್ನೆ. ಆ ಅಂಕಣದಲ್ಲಿ ಯಾರಾದರೊಬ್ಬರ ಹೆಸರು, ಫೋನ್ ನಂಬರು ಬರೆಯಬೇಕಷ್ಟೆ. ನನಗೆ ಮಾತ್ರ ಹಿತ್ತಲ ಕಲ್ಲು, ನೆಲ ನೋಡುತ್ತ ನಿಂತ ಅಜ್ಜಿ ಕಂಡಂತಾಯಿತು.

‘ನಮ್ಮದು. ನನ್ನ ಹೆಸರು ಬರೆದುಕೋ’ ಎಂದೆ.